ಮಂಗಳೂರಿನಲ್ಲಿ ಸಾಕಲು ಹಳೇ ಪದ್ಮಿನಿ ಒಳ್ಳೆಯದೋ, ಮಾರುತಿ 800 ಒಳ್ಳೆಯದೋ?

1984ರ ಪ್ರೀಮಿಯರ್ ಪದ್ಮಿನಿ, 1997ರ ಮಾರುತಿ 800, ಎರಡೂ ಹೆಚ್ಚು ಕಡಿಮೆ ಒಂದೇ ರೇಟಿಗೆ ಸಿಗ್ತಿವೆ, ಯಾವುದು ತಗೊಳ್ಳಲಿ ಎಂದು ಕೇಳಿದ್ದೀರಿ. ನಾನು ಉಡುಪಿಯವನು. ಡ್ರೈವಿಂಗ್ ಕಲಿತದ್ದು ಅಪ್ಪನ ಪದ್ಮಿನಿಯಲ್ಲಿ, ಆಮೇಲೆ ಹನ್ನೊಂದು ವರ್ಷ ಓಡಿಸಿದ್ದು 800. ದಿನಾ ಆಫೀಸಿಗೆ ಹೋಗಲು ಬೇಕಾದರೆ 800 ತಗೊಳ್ಳಿ. ಭಾನುವಾರ ಬಾನೆಟ್ ಎತ್ತಿ ಕೂರುವುದೇ ಖುಷಿ ಎನ್ನುವವರಾದರೆ ಪದ್ಮಿನಿ.

ಎರಡಕ್ಕೂ ಹದಿಮೂರೇ ವರ್ಷದ ಅಂತರ ಅನಿಸುತ್ತದೆ, ಅಲ್ವಾ? ಆದರೆ ಪದ್ಮಿನಿಯ ಡಿಸೈನ್ 1960ರ ದಶಕದ ಫಿಯೆಟ್ 1100ದ್ದೇ. ನಮ್ಮಲ್ಲಿ ಹಳಬರು ಈಗಲೂ ಫಿಯೆಟ್ ಅಂತಲೇ ಹೇಳುತ್ತಾರೆ. 1089 ಸಿಸಿ, ನಾಲ್ಕು ಸಿಲಿಂಡರ್, ಸ್ಟೇರಿಂಗ್ ಪಕ್ಕದಲ್ಲಿ ಗೇರ್. 800ರದ್ದು 796 ಸಿಸಿ, ಮೂರೇ ಸಿಲಿಂಡರ್. ಪವರ್ ಎರಡಕ್ಕೂ ನಲವತ್ತು ಹಾರ್ಸ್‌ಪವರ್ ಆಸುಪಾಸು. ತೂಕ ಮಾತ್ರ 800ಕ್ಕೆ ಸುಮಾರು 650 ಕೆಜಿ, ಪದ್ಮಿನಿಗೆ 900ರ ಹತ್ತಿರ. ಮಣಿಪಾಲದ ಏರಿನಲ್ಲಿ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪದ್ಮಿನಿ ಕಾಲದ ಕಾರುಗಳಲ್ಲಿ ಪೆಟ್ರೋಲ್ ಪೈಪಿನೊಳಗೇ ಆವಿಯಾಗುತ್ತದೆ, ಪಂಪ್ ಎಳೆಯುವುದಿಲ್ಲ. ಅದಕ್ಕೇ ಅಪ್ಪ ಆಗುಂಬೆಗೆ ಹೋಗುವಾಗ ಸೋಮೇಶ್ವರದಲ್ಲಿ ನಿಲ್ಲಿಸಿ, ಬೈರಾಸು ಒದ್ದೆ ಮಾಡಿ ಪಂಪಿಗೆ ಸುತ್ತುತ್ತಿದ್ದರು. ಆಮೇಲೇ ಆ ಹದಿನಾಲ್ಕು ತಿರುವು. ಆ ಉದ್ದ ಸೀಟಿನಲ್ಲಿ ಅಪ್ಪನ ಪಕ್ಕ ಕೂತು ಘಾಟಿ ಹತ್ತಿದ ಖುಷಿ ನನಗೆ ಬೇರೆ ಯಾವ ಕಾರಿನಲ್ಲೂ ಸಿಕ್ಕಿಲ್ಲ.

ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ರಸ್ತೆಯ ನೀರಿನಲ್ಲಿ ಇಳಿದು ಬಂದ ಮೇಲೆ ಮೆಲ್ಲಗೆ ಬ್ರೇಕ್ ಒತ್ತುತ್ತಾ ಒಣಗಿಸಬೇಕು. 800ಕ್ಕೆ ಮುಂದೆ ಡಿಸ್ಕ್ ಇದೆ. ಅದು 2014ರವರೆಗೂ ತಯಾರಾದ ಕಾರು, ಪಾರ್ಟ್ಸ್‌ಗೆ ಅಲೆಯಬೇಕಿಲ್ಲ. ಪದ್ಮಿನಿಯ ಗ್ಲಾಸು, ರಬ್ಬರ್ ಬೀಡಿಂಗ್ ಹುಡುಕುವುದೇ ಒಂದು ಕೆಲಸ.

ಆದರೆ ನಮ್ಮ ಕರಾವಳಿಯಲ್ಲಿ ಇಂಜಿನ್‌ಗಿಂತ ಮೊದಲು ಬಾಡಿ ನೋಡಬೇಕು. ಉಪ್ಪುಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ನಾನೊಮ್ಮೆ ಪೇಂಟಿನ ಹೊಳಪು ನೋಡಿ ಒಂದು ಹಳೇ ಕಾರು ತಗೊಂಡು ಮೋಸ ಹೋದೆ. ಮನೆಗೆ ತಂದು ಮ್ಯಾಟ್ ಎತ್ತಿದರೆ ಕೈ ತೂರುವಷ್ಟು ತೂತು, ಮೇಲೊಂದು ತಗಡು. ಟಿಂಕರಿಂಗ್‌ಗೆ ಕೊಟ್ಟ ದುಡ್ಡು ಕಾರಿನ ಬೆಲೆಗಿಂತ ಜಾಸ್ತಿಯಾಯಿತು. ನೀವು ಮ್ಯಾಟ್ ಎತ್ತಿಸಿ, ಬಾಗಿಲಿನ ಕೆಳಗಂಚಿಗೆ ಮ್ಯಾಗ್ನೆಟ್ ಹಿಡಿಯಿರಿ. ತೂತು ಮುಚ್ಚಲು ಪುಟ್ಟಿ ಮೆತ್ತಿದ ಕಡೆ ಅದು ಅಂಟುವುದಿಲ್ಲ. ಆರ್‌ಸಿಯನ್ನೂ ನೋಡಿ, ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ರಿನೀವಲ್ ಆಗಿರಬೇಕು.

ಸಾಧ್ಯವಾದರೆ ಜೋರು ಮಳೆ ಬಿದ್ದ ಮರುದಿನವೇ ಹೋಗಿ. ನೀರು ಎಲ್ಲಿ ಸೋರುತ್ತದೆ ಎಂದು ಅವತ್ತು ಯಾರೂ ಮುಚ್ಚಿಡಲಾರರು.