ಅನುಭವಿ ಪೈಲಟ್ ಕೂಡ ಕೆಟ್ಟ ಹವಾಮಾನದಲ್ಲಿ ಇಳಿಸುವಾಗ ಎಡವುವುದು ಅಹಂಕಾರದಿಂದಲೇ?

ಸಾವಿರಾರು ಗಂಟೆ ಹಾರಿಸಿದವರು ಮಳೆ ಮೋಡದಲ್ಲಿ ವಿಮಾನ ಇಳಿಸಲು ಹೋಗಿ ಅಪಘಾತ ಮಾಡಿಕೊಂಡರೆ ಅದು ಅಹಂಕಾರ ಅಲ್ಲದೆ ಇನ್ನೇನು ಅಂತ ಕೇಳಿದ್ದೀರಿ. ನಾನು ಪೈಲಟ್ ಅಲ್ಲ, ಹಳೆಯ ವಿಮಾನ ಅಪಘಾತಗಳ ಬಗ್ಗೆ ಓದುವ ಗೀಳು ಇರುವವನು ಅಷ್ಟೇ. ಆದರೂ ಹೇಳ್ತೀನಿ, ಅಹಂಕಾರ ಅನ್ನೋದು ತೀರಾ ಸುಲಭದ ಉತ್ತರ. ಈ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಡಚ್ ವಿಮಾನ ಸಂಸ್ಥೆ ಕೆಎಲ್‌ಎಂನ ಮುಖ್ಯ ಪೈಲಟ್ ಆಗಿದ್ದ ಪಾರ್ಮೆಂಟಿಯರ್.

ಆತ ಎಂಥ ಪೈಲಟ್ ಅಂತ ಮೊದಲು ಕೇಳಿ. 1934ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ವಿಮಾನಗಳ ರೇಸ್ ನಡೆಯಿತು. ರೇಸಿಗೆಂದೇ ಕಟ್ಟಿದ ಪುಟ್ಟ ವಿಮಾನಗಳ ನಡುವೆ ಈತ ತಂದದ್ದು ಡಿಸಿ-2 ಅನ್ನೋ ಪ್ರಯಾಣಿಕರ ವಿಮಾನ. ಹೆಸರು 'ಔವರ್'. ಟಿಕೆಟ್ ಕೊಂಡ ಪ್ರಯಾಣಿಕರೂ ಒಳಗಿದ್ದರು! ಮೆಲ್ಬರ್ನ್ ಇನ್ನೇನು ಬಂತು ಅನ್ನುವಾಗ ರಾತ್ರಿ ಗುಡುಗು ಮಿಂಚಿನ ಮಳೆಗೆ ಸಿಕ್ಕಿ ದಾರಿ ತಪ್ಪಿತು. ಕೆಳಗಿದ್ದದ್ದು ಆಲ್ಬರಿ ಅನ್ನೋ ಸಣ್ಣ ಊರು. ಊರಿನವರು ಬೀದಿ ದೀಪಗಳನ್ನೇ ಆರಿಸಿ ಹೊತ್ತಿಸಿ ಮೋರ್ಸ್ ಸಂಕೇತದಲ್ಲಿ ಊರಿನ ಹೆಸರು ತೋರಿಸಿದರು. ಕಾರು ಇರೋರೆಲ್ಲ ಕುದುರೆ ರೇಸಿನ ಮೈದಾನಕ್ಕೆ ಬನ್ನಿ ಅಂತ ರೇಡಿಯೋದಲ್ಲಿ ಕೂಗಿದರು. ಸಾಲಾಗಿ ನಿಂತ ಕಾರುಗಳ ಹೆಡ್‌ಲೈಟ್ ಬೆಳಕಿನಲ್ಲಿ ಪಾರ್ಮೆಂಟಿಯರ್ ಆ ಕೆಸರಿಗೆ ವಿಮಾನ ಇಳಿಸಿದ. ಯಾರಿಗೂ ಏನೂ ಆಗಲಿಲ್ಲ. ಬೆಳಗ್ಗೆ ಊರಿಗೆ ಊರೇ ಸೇರಿ ಹಗ್ಗ ಕಟ್ಟಿ ಎಳೆದು ಕೆಸರಿನಿಂದ ಬಿಡಿಸಿತು. ಅಷ್ಟೆಲ್ಲ ಆದರೂ ರೇಸಿನಲ್ಲಿ ಎರಡನೇ ಸ್ಥಾನ!

ಈಗ 1948ರ ಅಕ್ಟೋಬರ್ 20. ಅದೇ ಪಾರ್ಮೆಂಟಿಯರ್, ಕಾನ್ಸ್ಟೆಲೇಷನ್ ವಿಮಾನ, ಒಟ್ಟು 40 ಜನ. ಆಮ್‌ಸ್ಟರ್‌ಡ್ಯಾಮ್‌ನಿಂದ ನ್ಯೂಯಾರ್ಕಿಗೆ ಹೊರಟಿದ್ದು, ನಡುವೆ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಇಳಿಯಬೇಕಿತ್ತು. ರಾತ್ರಿ, ಜಿಟಿಜಿಟಿ ಮಳೆ, ಕೆಳಗೆ ಇಳಿದ ಮೋಡ.

ಪ್ರೆಸ್ಟ್‌ವಿಕ್‌ನಲ್ಲಿ ಎರಡು ರನ್‌ವೇ. ದೊಡ್ಡದು 32, ಅಂದರೆ ದಿಕ್ಸೂಚಿಯ 320 ಡಿಗ್ರಿ ಕಡೆಗೆ ಮುಖ. ಅದಕ್ಕೆ ರಾಡಾರ್ ನೆರವಿತ್ತು. ನೆಲದ ಮೇಲೆ ಕೂತವರು ರಾಡಾರ್ ನೋಡುತ್ತಾ 'ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಕ್ಕೆ' ಅಂತ ಹೇಳಿ ಇಳಿಸೋರು. ಆದರೆ ಅಲ್ಲಿ ಅಡ್ಡಗಾಳಿ ಜೋರು. ಇನ್ನೊಂದು 26, ಗಾಳಿಗೆ ಎದುರಾಗಿ ಇದ್ದದ್ದು, ಆದರೆ ಅದಕ್ಕೆ ರಾಡಾರ್ ಇಲ್ಲ. ಪಾರ್ಮೆಂಟಿಯರ್ ಲೆಕ್ಕ ಹೀಗಿತ್ತು: ರಾಡಾರ್ ಹಿಡಿದು 32ರ ಹತ್ತಿರ ಬರೋದು, ಗಾಳಿ ಹೆಚ್ಚೆನಿಸಿದರೆ ಇಳಿಸದೆ ಮುಂದೆ ಹೋಗಿ, ಕಣ್ಣಳತೆಯಲ್ಲಿ ಸುತ್ತು ಹಾಕಿ 26ರಲ್ಲಿ ಇಳಿಯೋದು. ಇದರಲ್ಲಿ ಅಹಂಕಾರ ಎಲ್ಲಿದೆ ಹೇಳಿ? ರನ್‌ವೇ ಕಾಣುತ್ತಿರುವ ತನಕ ಸರಿಯಾದ ಯೋಚನೆಯೇ.

ಆದರೆ ಹವಾಮಾನ ಕೆಡುತ್ತಾ ಬಂದದ್ದು ಆತನಿಗೆ ಸರಿಯಾಗಿ ಮುಟ್ಟಿರಲಿಲ್ಲ. ಸುತ್ತು ಹಾಕುವಾಗ ಬೆನ್ನಿಗೆ ಗಾಳಿ, ಅದು ವಿಮಾನವನ್ನು ಒಳನಾಡಿನ ಕಡೆ ತಳ್ಳುತ್ತಾ ಹೋಯಿತು. ಎತ್ತರ ಸುಮಾರು 450 ಅಡಿ. ಅಷ್ಟರಲ್ಲಿ ಮೋಡ ಕವಿಯಿತು. ಯಾವುದೋ ತುಂಡು ಮೋಡ, ಈಗ ದಾಟುತ್ತೆ ಅಂದುಕೊಂಡಿರಬೇಕು. ದಾಟಲಿಲ್ಲ. ವಿಮಾನ ಹೋಗಿ ತಾಗಿದ್ದು 1,32,000 ವೋಲ್ಟ್‌ನ ಹೈಟೆನ್ಷನ್ ತಂತಿಗೆ. ಬೆಂಕಿ ಹತ್ತಿತು. ಹೇಗಾದರೂ ವಿಮಾನ ನಿಲ್ದಾಣ ಮುಟ್ಟಲು ನೋಡಿದರು, ಆಗಲಿಲ್ಲ. ಟಾರ್ಬೋಲ್ಟನ್ ಊರಿನ ಹತ್ತಿರ ಹೊಲದಲ್ಲಿ ಬಿತ್ತು. ಜೀವ ಇದ್ದ ಕೆಲವರೂ ಆಮೇಲೆ ತೀರಿಕೊಂಡರು. 40 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ನನ್ನನ್ನು ಇವತ್ತಿಗೂ ಕಾಡುವುದು ತನಿಖೆಯಲ್ಲಿ ಹೊರಬಂದ ಒಂದು ವಿಷಯ. ಆ ತಂತಿಗಳು ಇದ್ದದ್ದು ಸುಮಾರು 450 ಅಡಿ ಎತ್ತರದಲ್ಲಿ. ಕೆಎಲ್‌ಎಂ ಪೈಲಟ್‌ಗಳ ಕೈಯಲ್ಲಿದ್ದ ನಕ್ಷೆಯಲ್ಲಿ ಬರೆದಿದ್ದದ್ದು 45. ಆ ಕಡೆಯ ಎತ್ತರದ ನೆಲವೂ ಅದರಲ್ಲಿ ಸರಿಯಾಗಿ ಇರಲಿಲ್ಲ. ಅಮೆರಿಕನ್ ವಾಯುಪಡೆಯ ನಕ್ಷೆಯನ್ನು ನೋಡಿ ಮಾಡಿಕೊಂಡದ್ದಂತೆ. ಕತ್ತಲಲ್ಲಿ ಆ ಕಾಗದ ನಂಬಿದ ಪೈಲಟ್‌ಗೆ 450 ಅಡಿ ಅಂದರೆ ಧಾರಾಳ ಎತ್ತರ ಅಲ್ವಾ?

ಹಾಗಂತ ಪಾರ್ಮೆಂಟಿಯರ್ ತಪ್ಪೇ ಇಲ್ಲ ಅಂತಲ್ಲ. ರನ್‌ವೇ ಕಣ್ಣಿಂದ ಮರೆಯಾದ ಕ್ಷಣವೇ ವಿಮಾನ ಮೇಲೆತ್ತಬೇಕಿತ್ತು. ಬೇಡವಾದರೆ ಐರ್ಲೆಂಡಿನ ಶಾನನ್‌ಗೆ ಹೋಗುವ ದಾರಿಯೂ ಮನಸ್ಸಿನಲ್ಲಿತ್ತು. ಕೆಲವು ಸೆಕೆಂಡು ತಡವಾಯಿತು. ಆದರೆ ನಕ್ಷೆ, ಹವಾಮಾನ ಸುದ್ದಿ, ಗಾಳಿ ಎಲ್ಲ ಸೇರಿ ಮಾಡಿದ್ದನ್ನು ಸುಮ್ನೆ ಒಬ್ಬನ ಸ್ವಭಾವದ ಮೇಲೆ ಹಾಕೋದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು. ಒಂಬತ್ತು ತಿಂಗಳೂ ಆಗಿರಲಿಲ್ಲ, 1949ರ ಜುಲೈ 12ರಂದು ಅದೇ ಕೆಎಲ್‌ಎಂನ ಇನ್ನೊಂದು ಕಾನ್ಸ್ಟೆಲೇಷನ್ ಮುಂಗಾರು ಮಳೆಯಲ್ಲಿ ಬೊಂಬಾಯಿಗೆ ಇಳಿಯಲು ಬಂದು ಘಾಟ್‌ಕೋಪರ್ ಗುಡ್ಡಕ್ಕೆ ಬಡಿಯಿತು. 45 ಜನ ಹೋದರು, ಅದರಲ್ಲಿ 13 ಮಂದಿ ಅಮೆರಿಕದ ಪತ್ರಕರ್ತರು. ನೆಲ ಹತ್ತಿರ ಬಂತು ಅಂತ ಕಾಕ್‌ಪಿಟ್‌ನಲ್ಲಿ ಕೂಗಿ ಎಚ್ಚರಿಸುವ ಉಪಕರಣ ಪ್ರಯಾಣಿಕರ ವಿಮಾನಗಳಿಗೆ ಬಂದದ್ದು 1970ರ ದಶಕದಲ್ಲಿ. ಅಲ್ಲಿಯವರೆಗೆ ಪೈಲಟ್‌ಗೆ ಇದ್ದದ್ದು ಎತ್ತರದ ಮೀಟರು, ನಕ್ಷೆ ಮತ್ತು ಕಣ್ಣು.