ಮಾರಾಟಕ್ಕೆ ಮುನ್ನ ತಪಾಸಣೆ ಕಡ್ಡಾಯವಾದ ಊರಿನಲ್ಲಿ ಮನೆಗಳ ಹೋಲ್‌ಸೇಲಿಂಗ್ ನಡೆಯುತ್ತದೆಯೇ?

ಮನೆ ಮಾರುವ ಮೊದಲು ನಗರಾಡಳಿತದ ತಪಾಸಣೆ ಆಗಲೇಬೇಕೆಂಬ ನಿಯಮವಿರುವ, ಅಮೆರಿಕದ ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಉಪನಗರಗಳಲ್ಲಿ, ಮಾಲೀಕರೊಡನೆ ಕರಾರು ಮಾಡಿಕೊಂಡು ಅದನ್ನು ಹೂಡಿಕೆದಾರರಿಗೆ ವರ್ಗಾಯಿಸುವ ಹೋಲ್‌ಸೇಲಿಂಗ್ ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯವಿದೆ. ಆದರೆ ತಪಾಸಣೆಯನ್ನು ಕೊನೆಯ ವಾರದ ಕಾಗದಪತ್ರದ ಕೆಲಸವೆಂದು ಭಾವಿಸಿದವರು ಕೈ ಸುಟ್ಟುಕೊಳ್ಳುತ್ತಾರೆ; ನಾನೂ ಸುಟ್ಟುಕೊಂಡವನೇ.

ನಮ್ಮೂರಿನ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಋಣಭಾರ ಪತ್ರ, ಖಾತೆ ನೋಡುತ್ತಾರೆಯೇ ಹೊರತು ಗೋಡೆಯ ಬಿರುಕನ್ನು ಯಾರೂ ಕೇಳುವುದಿಲ್ಲ. ಶೇಕರ್ ಹೈಟ್ಸ್, ಕ್ಲೀವ್‌ಲ್ಯಾಂಡ್ ಹೈಟ್ಸ್‌ನಂಥ ಊರುಗಳಲ್ಲಿ ತಪಾಸಕರು ಮನೆಯ ಒಳಹೊರಗನ್ನು ನೋಡಿ ಲೋಪಗಳ ಪಟ್ಟಿ ಕೊಡುತ್ತಾರೆ. ಮಾರುವವರು ಅವನ್ನು ಸರಿಪಡಿಸಬೇಕು, ಇಲ್ಲವೇ ಕೊಳ್ಳುವವರು ಹೊಣೆ ಹೊತ್ತು ನಿಗದಿತ ಹಣವನ್ನು ಎಸ್ಕ್ರೋ ಖಾತೆಯಲ್ಲಿ, ಅಂದರೆ ಷರತ್ತು ಪೂರೈಸುವವರೆಗೆ ಮೂರನೆಯವರ ಬಳಿ ಹಣ ಕಾದಿರಿಸುವ ಖಾತೆಯಲ್ಲಿ, ಇಡಬೇಕು. ಕೆಲಸ ಮುಗಿದು ಮರುತಪಾಸಣೆ ಆಗಿ ನಗರಾಡಳಿತ ಒಪ್ಪಿದ ಮೇಲಷ್ಟೇ ಆ ಹಣ ಕೈಗೆ ಬರುತ್ತದೆ.

ನನ್ನ ಎರಡನೆಯ ವ್ಯವಹಾರ ಪೂರ್ವಭಾಗದ ಒಂದು ಉಪನಗರದ ಇಟ್ಟಿಗೆ ಮನೆ. ತಪಾಸಣೆಗೂ ಮೊದಲೇ 68,000 ಡಾಲರಿಗೆ ಕರಾರು ಮಾಡಿಕೊಂಡು, 7,000 ನನ್ನ ಪಾಲೆಂದು ಲೆಕ್ಕ ಹಾಕಿ ಕುಳಿತಿದ್ದೆ. ವರದಿ ಬಂದಾಗ ಗ್ಯಾರೇಜಿನ ಸುಲಿದ ಬಣ್ಣ, ಒಡೆದ ಡ್ರೈವ್‌ವೇ, ಹಿಡಿಕಂಬಿಯಿಲ್ಲದ ನೆಲಮಾಳಿಗೆ ಮೆಟ್ಟಿಲು, ಹಳೆಯ ವೈರಿಂಗ್ ಎಲ್ಲ ಸೇರಿ ದುರಸ್ತಿಯ ಅಂದಾಜು 18,000 ಆಗಿತ್ತು. ಅದರ ಒಂದೂವರೆ ಪಟ್ಟು, ಅಂದರೆ 27,000, ಎಸ್ಕ್ರೋದಲ್ಲಿ ಇಡಬೇಕಿತ್ತು. ನನ್ನ ಹೂಡಿಕೆದಾರರು 18,000ಕ್ಕೆ ಸಿದ್ಧರಿದ್ದರು. ಆದರೆ ಎಸ್ಕ್ರೋ ಹಣ ಬೀಗದೊಳಗಿರುವಾಗ ಗುತ್ತಿಗೆದಾರನಿಗೆ ಕೊಡುವ 18,000ವನ್ನೂ ಬೇರೆಯಾಗಿ ಹೊಂದಿಸಬೇಕಲ್ಲ! ಬೆಲೆಯ ಮೇಲೆ 45,000 ನಗದು ಬೇಕೆಂದು ಗೊತ್ತಾದ ಕೂಡಲೇ ಅವರು ಹಿಂದೆ ಸರಿದರು. ತಪ್ಪು ಅವರದಲ್ಲ; ದುರಸ್ತಿಯ ಖರ್ಚು ಮತ್ತು ಕಟ್ಟಿಹಾಕಿದ ಹಣ ಒಂದೇ ಎಂದು ನಾನು ಎಣಿಸಿದ್ದೆ.

ಇದೇ ಓಹಿಯೋದ ಡೇಟನ್ ಬಳಿಯ ಓಕ್‌ವುಡ್ ನಗರದ ಮಾರಾಟಪೂರ್ವ ತಪಾಸಣೆಯ ವಿಷಯದಲ್ಲಿ, ವಾರಂಟ್ ಇಲ್ಲದೆ ಬಲವಂತದಿಂದ ಒಳಹೊಕ್ಕು ನೋಡುವುದು ಸಂವಿಧಾನಬಾಹಿರವೆಂದು ಫೆಡರಲ್ ನ್ಯಾಯಾಲಯ 2018ರಲ್ಲಿ ಹೇಳಿತು. ಅದನ್ನು ನೆಚ್ಚಿಕೊಂಡು ತಪಾಸಣೆಯಿಂದ ನುಣುಚಿಕೊಳ್ಳಲು ಹೋಗಬೇಡಿ. ತಪಾಸಣೆಗೆ ವಾರಂಟ್ ಪಡೆಯುವ ದಾರಿ ನಗರಗಳಿಗೆ ಅಮೆರಿಕದ ಸುಪ್ರೀಂ ಕೋರ್ಟಿನ 1967ರ ತೀರ್ಪಿನಿಂದಲೇ ಇದೆ.

ಈಗ ನಾನು ಮಾಲೀಕರಿಂದಲೇ ತಪಾಸಣೆಗೆ ಅರ್ಜಿ ಹಾಕಿಸಿ, ವರದಿ ಕಂಡ ಮೇಲೆ ಬೆಲೆಯ ಮಾತು ಆಡುತ್ತೇನೆ. ಅವರಿಗೆ ಅವಸರವಿದ್ದರೆ, ಲೋಪಗಳ ಅಂದಾಜು ಇಂತಿಷ್ಟನ್ನು ಮೀರಿದರೆ ಕರಾರು ಬಿಡಬಹುದೆಂಬ ಷರತ್ತನ್ನು ಬರೆಸುತ್ತೇನೆ. ಮೊದಲು ನಿಮ್ಮ ಹೆಸರಿಗೆ, ಆಮೇಲೆ ಹೂಡಿಕೆದಾರರ ಹೆಸರಿಗೆ ಎಂದು ಎರಡು ಬಾರಿ ಕ್ರಯ ಮಾಡಿದರೆ ನಡುವೆ ನೀವೇ ಕೊಳ್ಳುವವರಾಗಿ ಹೊಣೆಯೂ ನಿಮ್ಮ ಹೆಸರಿಗೇ ಬೀಳುವುದರಿಂದ, ಇಂಥ ಊರುಗಳಲ್ಲಿ ಕರಾರು ವರ್ಗಾವಣೆಯೇ ಹಗುರ. ಆಗಲೂ ಹೊಣೆ ಒಪ್ಪುವ ಕಾಗದಕ್ಕೆ ಕೊನೆಯ ಖರೀದಿದಾರರೇ ಸಹಿ ಹಾಕಬೇಕು, ಆದ್ದರಿಂದ ಲೋಪಗಳ ಪಟ್ಟಿ ಮತ್ತು ಎಸ್ಕ್ರೋ ಮೊತ್ತವನ್ನು ಮನೆಯ ಚಿತ್ರಗಳ ಜೊತೆಯಲ್ಲೇ ಮೊದಲ ದಿನ ಅವರಿಗೆ ಕಳುಹಿಸಿಬಿಡಿ.