ಮಾಡದಲ್ಲಿಟ್ಟ ಲಿಂಗ

ಗುರುತು ಸಿಗಬಾರದೆಂದು ಇಲ್ಲಿ ಕೆಲವು ವಿವರ ಬದಲಾಯಿಸಿದ್ದೇನೆ.

ಅವರು ಗುಳೇದಗುಡ್ಡದ ಕಡೆಯವರು. ಕುಪ್ಪಸದ ಖಣ ನೇಯುವ ಕೈ. ಬಾಗಲಕೋಟೆಗೆ ನನ್ನ ಹತ್ತಿರ ಆಪ್ತಸಲಹೆಗೆ ಕರೆದುಕೊಂಡು ಬಂದದ್ದು ಮಗಳು. ಕುಳಿತು ಎಷ್ಟೋ ಹೊತ್ತು ಸೆರಗಿನ ಅಂಚು ಸುತ್ತುತ್ತಿದ್ದರು. ಆಮೇಲೆ ಒಂದೇ ಉಸಿರಿನಲ್ಲಿ ಅಂದರು: "ಲಿಂಗ ತಗದು ಮಾಡದಾಗ ಇಟ್ಟೇನ್ರಿ. ಆರು ತಿಂಗಳಾತು." ಮಾಡ ಅಂದರೆ ಗೋಡೆಯಲ್ಲಿನ ಗೂಡು.

ಕೊರಳಲ್ಲಿ ಶಿವದಾರ ಇದ್ದ ಜಾಗಕ್ಕೆ ಕೈ ಹೋಗಿತ್ತು. ಇಷ್ಟಲಿಂಗ ಮೈಯಿಂದ ಅಗಲಬಾರದು ಅಂತ ಚಿಕ್ಕವರಿದ್ದಾಗಿಂದ ಕೇಳಿ ಬೆಳೆದವರು. ನಾನು ಬೈಯುತ್ತೇನೆ ಅಂತ ಕಾಯುತ್ತಿದ್ದರು.

ಗಂಡ ಹೃದಯಾಘಾತದಿಂದ ತೀರಿಕೊಂಡು ವರ್ಷವಾಗಿತ್ತು. ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ ಹಾಗೇ ಇದೆ. ನಿದ್ದೆ ಇಲ್ಲ, ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಬಂದವರೆಲ್ಲ ಹೇಳುವುದು ಒಂದೇ ಮಾತು: "ಹೊಳಿ ಬಂದಾಗ ಎಷ್ಟ ಗಟ್ಟಿ ಇದ್ದಿ, ಈಗ್ಯಾಕ ಹಿಂಗ? ಪೂಜಿ ಬಿಟ್ಟಿ, ಅದಕ್ಕ ಹಿಂಗಾಗೇತಿ." ಒಬ್ಬರು ಹನ್ನೊಂದು ಸೋಮವಾರ ಉಪವಾಸ ಮಾಡು ಅಂದಿದ್ದರಂತೆ. ಮೊದಲೇ ಊಟ ಸೇರದವರಿಗೆ!

ಹೊಳೆ ಅಂದರೆ 2019ರ ಆಗಸ್ಟ್. ಮಲಪ್ರಭೆ ಮನೆಯೊಳಗೆ ಬಂದಿತ್ತು. ನೀರು ಇಳಿದ ಮೇಲೆ, ನೇಯುವಾಗ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ ತುಂಬ ಕೆಸರು. ಅದನ್ನು ಹೇಗೆ ತೆಗೆದಿರಿ ಅಂತ ಕೇಳಿದೆ. ಮೊದಲ ಸಲ ಮುಖ ಎತ್ತಿದರು. ಗಂಡ ಕುಣಿಗಿಳಿದು ಬುಟ್ಟಿ ತುಂಬಿ ಕೊಡುವುದು, ಇವರು ಮೇಲೆ ನಿಂತು ಇಸಿದುಕೊಳ್ಳುವುದು, ಪಕ್ಕದ ಮನೆಯವರು ಒಯ್ದು ಹಾಕುವುದು. ಗಂಜಿ ಕೇಂದ್ರದಲ್ಲಿ ಊರಿಗೆ ಊರೇ ಒಟ್ಟಿಗೆ ಉಂಡದ್ದು, ರಾತ್ರಿ ಹೆಂಗಸರೆಲ್ಲ ಭಜನೆ ಹಾಡಿದ್ದು.

ನನಗೆ ಬೇಕಾದ್ದು ಅಲ್ಲೇ ಸಿಕ್ಕಿತು. "ಅಕ್ಕಾ, ಅವತ್ತು ಬುಟ್ಟಿ ಕೈಯಿಂದ ಕೈಗೆ ಹೋಗುತ್ತಿತ್ತು. ಈಗ ಕುಣಿಯಲ್ಲಿ ನೀವೊಬ್ಬರೇ ಇದ್ದೀರಿ. ನಿಮ್ಮ ಭಕ್ತಿ ಕಡಿಮೆ ಆಗಿಲ್ಲ, ಕೈ ಕಡಿಮೆ ಆಗಿವೆ," ಅಂದೆ. ಆಗ ಅತ್ತರು. ನಾನು ಸುಮ್ನೆ ಕುಳಿತೆ.

ಸಾಯಬೇಕು ಅನ್ನಿಸುತ್ತದಾ ಅಂತ ನೇರವಾಗಿ ಕೇಳಿದೆ. ಈ ಪ್ರಶ್ನೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆ ಅನ್ನುವುದು ತಪ್ಪು. ಕೇಳಿದರೆ ಮನಸ್ಸು ಹಗುರಾಗುತ್ತದೆ. "ಮುಂಜಾನಿ ಏಳಬಾರದು ಅನಸ್ತದ, ಆದ್ರ ಏನೂ ಮಾಡ್ಕೊಳ್ಳಲ್ರಿ," ಅಂದರು. ಆದರೂ ಹಗುರವಾಗಿ ತಗೊಳ್ಳುವ ಮಾತಲ್ಲ. ರಾತ್ರಿ ತಾಯಿಯನ್ನು ಒಂಟಿ ಬಿಡಬೇಡ ಅಂತ ಮಗಳಿಗೆ ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗಲಾದರೂ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಅಲ್ಲಿಗೂ ಕಳಿಸಿದೆ. ವೈದ್ಯರು ಖಿನ್ನತೆ ಅಂತ ಗುಳಿಗೆ ಬರೆದರು. ಅದರ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬೇಡಿ ಅಂತ ಎರಡೆರಡು ಸಲ ಹೇಳಿದೆ. ಉಪವಾಸ ಬೇಡವೇ ಬೇಡ ಅಂದೆ.

ಲಿಂಗದ ವಿಚಾರಕ್ಕೆ ನಾನು ಅವಸರ ಮಾಡಲಿಲ್ಲ. "ಸಂಗಯ್ಯನ ಮ್ಯಾಲ ಸಿಟ್ಟೈತ್ರಿ," ಅಂದಿದ್ದರು. ಸಂಗಯ್ಯ ಅಂದರೆ ದೇವರು, ಕೂಡಲಸಂಗಮದ ಶಿವ. ಸಿಟ್ಟಿದ್ದರೆ ಹೇಳಿ ಅಂದೆ. ನಮ್ಮ ಶರಣರೇ ವಚನಗಳಲ್ಲಿ ದೇವರ ಜೊತೆ ಜಗಳ ಆಡಿದ್ದಾರೆ, ಅಲ್ವಾ? ಸಂಬಂಧ ಇದ್ದ ಕಡೆಯೇ ಜಗಳ. ದಿನಾ ಐದು ನಿಮಿಷ ಮಾಡದ ಮುಂದೆ ಕುಳಿತು ಅನ್ನಿಸಿದ್ದನ್ನು ಅಂದುಬಿಡಿ, ಮಂತ್ರ ಬರದಿದ್ದರೂ ನಡೆಯುತ್ತದೆ ಅಂದೆ. ಇನ್ನೊಂದು ಕೆಲಸ ಮಗಳಿಗೆ: ಅವತ್ತು ಬುಟ್ಟಿ ಹೊತ್ತ ಪಕ್ಕದ ಮನೆಯ ಹೆಂಗಸನ್ನು ಕರೆಯುವುದು. ಬುದ್ಧಿ ಹೇಳಲಿಕ್ಕಲ್ಲ, ಜೊತೆಗೆ ಕುಳಿತು ಕಂಡಿಕೆಗೆ ನೂಲು ಸುತ್ತಲಿಕ್ಕೆ.

ನಾಲ್ಕನೇ ಭೇಟಿಗೆ ಬಂದಾಗ ಕೈಚೀಲದಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ ಇತ್ತು. ದಾರಿಯಲ್ಲಿ ಹಸಿವಾಗುತ್ತದೆ ಅಂತ ತಾವೇ ಕಟ್ಟಿಕೊಂಡಿದ್ದರು. ಮಗ್ಗದ ಮೇಲಿನ ಹಳೆ ಬಟ್ಟೆ ಇನ್ನೂ ಮುಟ್ಟಿಲ್ಲ. "ಕರಡಿಗಿ ಒರಸಿ ಇಟ್ಟೇನ್ರಿ. ಬೈಯ್ಯಾಕ ಹ್ವಾದ್ರ ಧೂಳ ಕಾಣ್ತು," ಅಂದರು. ಕರಡಿಗೆ ಅಂದರೆ ಲಿಂಗ ಇಡುವ ಭರಣಿ. ಬರುವ ಮಂಗಳವಾರ ಮತ್ತೆ ಡಾಕ್ಟರ ಹತ್ತಿರ ಹೋಗುವುದಿದೆ. ಪಕ್ಕದ ಮನೆಯಾಕೆಯೂ ಜೊತೆಗೆ ಹೋಗುತ್ತಾರಂತೆ.